ಸಂಜೆಯ ದೀಪ ಮತ್ತು ಮನೆಯ ನೆಮ್ಮದಿ

ಹೈದರಾಬಾದಿನಲ್ಲಿ ಜೂನ್ ತಿಂಗಳ ಕೊನೆಯ ದಿನಗಳಲ್ಲಿ ಸೂರ್ಯನು ಮುಳುಗುವಾಗ ಸಂಜೆ 6 ಗಂಟೆ 50 ನಿಮಿಷ ದಾಟಿರುತ್ತದೆ. ನವೆಂಬರ್ ಕೊನೆಯಲ್ಲಿ 5 ಗಂಟೆ 40 ನಿಮಿಷದ ಸುಮಾರಿಗೇ ಮುಳುಗಿಬಿಡುತ್ತಾನೆ. ವರ್ಷವಿಡೀ ಲೆಕ್ಕ ಹಾಕಿದರೂ ಅಂತರ ಒಂದೂಕಾಲು ಗಂಟೆಯಷ್ಟೇ. ಸೂರ್ಯ ಮರೆಯಾದ ಮೇಲೆ ಇಪ್ಪತ್ತು ಇಪ್ಪತ್ತೈದು ನಿಮಿಷ ಮುಚ್ಚಂಜೆಯ ಮಂದ ಬೆಳಕು, ಅನಂತರ ಕತ್ತಲೆ. ದಖ್ಖನಿನ ಜನ ತಲೆತಲಾಂತರದಿಂದ ಈ ಲೆಕ್ಕಕ್ಕೆ ಹೊಂದಿಕೊಂಡೇ ಉಂಡು ಮಲಗಿದವರು. ಇಂದು ಕಾಚಿಗುಡ, ಬರ್ಕತ್‌ಪುರ, ಚಿಕ್ಕಡಪಲ್ಲಿಗಳ ಹಳೆಯ ಮನೆಗಳಲ್ಲಾಗಲಿ, ಕೂಕಟ್‌ಪಲ್ಲಿ, ಮಿಯಾಪುರಗಳ ಹೊಸ ಫ್ಲ್ಯಾಟುಗಳಲ್ಲಾಗಲಿ ವಾಸಿಸುವ ಕನ್ನಡ ಕುಟುಂಬಗಳಿಗೆ ಆ ಮುಚ್ಚಂಜೆ ತಲುಪುವುದೇ ಇಲ್ಲ. ಹೊರಗೆ ಬೆಳಕು ಕುಂದುವ ಮೊದಲೇ ಪಡಸಾಲೆಯ ಛಾವಣಿಯಲ್ಲಿ ಶುಭ್ರ ಬಿಳಿಯ ದೀಪ ಹೊತ್ತಿಕೊಳ್ಳುತ್ತದೆ. ರಾತ್ರಿ ಹನ್ನೊಂದರವರೆಗೆ, ಎಷ್ಟೋ ಮನೆಗಳಲ್ಲಿ ಹನ್ನೆರಡರವರೆಗೆ, ಅದೇ ಬೆಳಕು ಅದೇ ಪ್ರಖರತೆಯಿಂದ ಉರಿಯುತ್ತಿರುತ್ತದೆ. ಬಳಿಕ ಒಂದು ಗುಂಡಿ ಒತ್ತಿದೊಡನೆ ಗಾಢಾಂಧಕಾರ. ಹಗಲು ರಾತ್ರಿಗಳ ನಡುವೆ ಇರಬೇಕಾದ ಸಂಜೆಯೆಂಬುದು ಮನೆಯೊಳಗೆ ಇಲ್ಲವಾಗಿದೆ.

ನಿದ್ರೆ ಬಾರದೆಂದು, ತಲೆ ಭಾರವೆಂದು, ಮಕ್ಕಳು ಹನ್ನೊಂದಾದರೂ ಹಾಸಿಗೆಗೆ ಹೋಗುವುದಿಲ್ಲವೆಂದು ದೂರುವ ಮನೆಗಳಲ್ಲಿ ಕಾರಣ ಹುಡುಕಲು ಹೊರಟಾಗ ಕಾಫಿ, ಕೆಲಸದ ಒತ್ತಡ, ದಾರಿಯ ವಾಹನ ದಟ್ಟಣೆ, ಫೋನು, ಟೆಲಿವಿಷನ್ನು ಎಲ್ಲವೂ ನೆನಪಿಗೆ ಬರುತ್ತವೆ. ತಲೆಯ ಮೇಲೆ ಉರಿಯುವ ದೀಪವೊಂದು ಮಾತ್ರ ನೆನಪಾಗುವುದಿಲ್ಲ. ಇರುವ ಕಾರಣಗಳಲ್ಲಿ ಅತ್ಯಂತ ಅಗ್ಗವಾಗಿ, ಒಂದೇ ದಿನದಲ್ಲಿ ಸರಿಪಡಿಸಬಹುದಾದುದು ಅದೇ. ರಾತ್ರಿಯೂಟ ಮುಗಿದ ಮೇಲೆ ಛಾವಣಿಯ ಬಿಳಿಯ ದೀಪವನ್ನು ಆರಿಸಿ, ತಗ್ಗಿನಲ್ಲಿಟ್ಟ ಹಳದಿ ಬೆಳಕಿನ ಸಣ್ಣ ದೀಪದಲ್ಲಿ ಮನೆಯವರು ಉಳಿದ ಹೊತ್ತನ್ನು ಕಳೆಯುವುದು ಲೇಸು, ಹೇಳಬೇಕಾದುದು ಇಷ್ಟೇ. ಆದರೆ ಇಷ್ಟನ್ನು ಒಪ್ಪಿಸುವುದು ಸುಲಭವಲ್ಲ. ‘ಮನೆ ಮಂಕು ಹಿಡಿದಂತೆ ಕಾಣುತ್ತದೆ’, ‘ಬಂದವರು ಏನೆಂದುಕೊಂಡಾರು’, ‘ಮಕ್ಕಳ ಕಣ್ಣು ಹಾಳಾಗುತ್ತದೆ’ ಎಂಬ ಆಕ್ಷೇಪಗಳು ತಕ್ಷಣವೇ ಏಳುತ್ತವೆ. ಇವುಗಳ ಹಿಂದೆ ಇರುವುದು ಮೌಢ್ಯವಲ್ಲ, ಒಂದು ಚರಿತ್ರೆ.

1956ರ ನವೆಂಬರ್ 1ರವರೆಗೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಓದಿಗೆ, ನೌಕರಿಗೆ, ಕೋರ್ಟು ಕಚೇರಿಯ ಕೆಲಸಕ್ಕೆ ಆ ಸೀಮೆಯ ಕನ್ನಡಿಗರು ಬರುತ್ತಿದ್ದುದು ಇಲ್ಲಿಗೇ. ಬೆಂಗಳೂರಿನ ಬೀದಿಗಳಲ್ಲಿ 1905ರ ಆಗಸ್ಟ್ 5ರಂದು ವಿದ್ಯುದ್ದೀಪ ಬೆಳಗಿತ್ತು. ಹುಸೇನ್ ಸಾಗರದ ದಂಡೆಯ ಮೇಲೆ 1920ರಲ್ಲಿ ವಿದ್ಯುದಾಗಾರ ತಲೆಯೆತ್ತಿತ್ತು. ಆದರೆ ಅವರು ಬಿಟ್ಟು ಬಂದ ಊರುಗಳಲ್ಲಿ ಮುಂದೆಯೂ ಎಷ್ಟೋ ದಶಕ ಚಿಮಣಿ ಮತ್ತು ಕಂದೀಲುಗಳದೇ ರಾಜ್ಯಭಾರ. ಸೀಮೆಎಣ್ಣೆಯ ಹೊಗೆಗೆ ಗೋಡೆ ಕಪ್ಪು, ಮೂಗಿನ ಹೊಳ್ಳೆ ಕಪ್ಪು. ಕಂದೀಲಿನ ಗಾಜನ್ನು ಬೂದಿಯಿಂದ ಉಜ್ಜಿ ಒರೆಸುವುದು ಮನೆಯ ಹೆಣ್ಣುಮಕ್ಕಳ ಸಂಜೆಯ ಕೆಲಸ. ಮುಂದೆ ವಿದ್ಯುತ್ತು ಬಂತು. ಬಂದರೂ ಅದರ ಒತ್ತಡ ಕಡಿಮೆ. ತಂತಿ ಕಾಯಿಸಿ ಬೆಳಗುವ ಗಾಜಿನ ಬಲ್ಬಿಗೆ ಒತ್ತಡ ಇಳಿದಷ್ಟೂ ಬೆಳಕು ಕುಗ್ಗುವುದಲ್ಲದೆ ಬಣ್ಣವೂ ಕೆಂಪಿಗೆ ತಿರುಗುತ್ತದೆ. ಹೀಗಾಗಿ ಒಂದು ತಲೆಮಾರಿನ ಮನಸ್ಸಿನಲ್ಲಿ ಹಳದಿ ಬೆಳಕೆಂದರೆ ಬಡತನ, ಅಕ್ಷರ ಕಾಣದ ಕಷ್ಟ, ಸರ್ಕಾರದ ಅಲಕ್ಷ್ಯ ಎಂಬ ಅರ್ಥ ಬೇರೂರಿತು. ಬಳಿಕ ಬಂದ ನಾಲ್ಕು ಅಡಿಯ, 40 ವ್ಯಾಟಿನ ಟ್ಯೂಬ್‌ಲೈಟು ಬರಿಯ ದೀಪವಾಗಿರಲಿಲ್ಲ, ಅದೊಂದು ಅಂತಸ್ತು. ಮದುವೆಯ ಚಪ್ಪರಕ್ಕೆ ಅದನ್ನು ಬಾಡಿಗೆಗೆ ತಂದು ಗಳುಗಳಿಗೆ ಕಟ್ಟುತ್ತಿದ್ದರು. ನಗರಕ್ಕೆ ಬಂದು ಸ್ವಂತ ಮನೆ ಮಾಡಿದವರು ಪಡಸಾಲೆಗೆ ಮೊದಲು ಹಾಕಿಸಿದ್ದು ಅದನ್ನೇ. ಕತ್ತಲೆಯಿಂದ ಪಾರಾದವರು ಬಿಳಿಯ ಬೆಳಕನ್ನು ಬಿಗಿಯಾಗಿ ಹಿಡಿದುಕೊಂಡರೆ ಅವರನ್ನು ಹಳಿಯುವ ಅಧಿಕಾರ, ಹುಟ್ಟಿದಂದಿನಿಂದ ಬೆಳಕಿನಲ್ಲೇ ಬೆಳೆದವರಿಗೆ ಇಲ್ಲ.

ಆದುದರಿಂದ ಪಣತಿಯ ಕಾಲವೇ ಚೆನ್ನಾಗಿತ್ತೆಂದು ಹೊಗಳುವುದು ಅನ್ಯಾಯವಾದೀತು. ಸೀಮೆಎಣ್ಣೆಯ ದೀಪ ಶ್ವಾಸಕೋಶಕ್ಕೆ ಹಾನಿ. ಉರುಳಿದರೆ ಪ್ರಾಣಕ್ಕೂ ಅಪಾಯ. ಆದರೆ ಆ ಕಾಲದ ದೀಪವ್ಯವಸ್ಥೆಯಲ್ಲಿ ಬಡತನಕ್ಕೆ ಸಂಬಂಧಿಸದ ಎರಡು ಗುಣಗಳಿದ್ದವು. ಒಂದು, ದೀಪ ತಗ್ಗಿನಲ್ಲಿರುತ್ತಿತ್ತು. ಗೋಡೆಯ ಮಾಡದಲ್ಲಿ, ಗೂಡಿನಲ್ಲಿ, ನೆಲದ ಮೇಲೆ. ಎರಡು, ಹೊತ್ತು ಹೋದಂತೆ ಬೆಳಕೂ ಇಳಿಯುತ್ತಿತ್ತು. ಊಟದವರೆಗೆ ಕಂದೀಲಿನ ಬತ್ತಿ ಏರಿಸುವುದು, ಊಟವಾದ ಮೇಲೆ ಸಣ್ಣದು ಮಾಡುವುದು, ಮಲಗುವ ವೇಳೆಗೆ ದೇವರ ಮುಂದಿನ ನಂದಾದೀಪ ಮಾತ್ರ. ದೇವರ ದೀಪವನ್ನು ‘ಆರಿಸು’ ಎನ್ನಲು ಹಿರಿಯರು ಅಳುಕುತ್ತಿದ್ದರು, ‘ಶಾಂತ ಮಾಡು’ ಎನ್ನುತ್ತಿದ್ದರು. ತೆಲುಗರು ಇನ್ನೂ ಸೊಗಸಾಗಿ ‘ದೀಪಂ ಕೊಂಡೆಕ್ಕಿಂದಿ’, ದೀಪ ಬೆಟ್ಟ ಹತ್ತಿತು, ಎನ್ನುತ್ತಾರೆ. ಎರಡು ಭಾಷೆಗಳಲ್ಲಿಯೂ ಬೆಳಕು ಫಕ್ಕನೆ ಸಾಯುವುದಿಲ್ಲ, ಮೆಲ್ಲಗೆ ಹೊರಟುಹೋಗುತ್ತದೆ. ಶರೀರಶಾಸ್ತ್ರವು ಕಳೆದ ಆರು ದಶಕಗಳಲ್ಲಿ ಕಂಡುಕೊಂಡಿರುವುದಕ್ಕೆ ಈ ಪದ್ಧತಿ ಬಹಳ ಹತ್ತಿರದಲ್ಲಿದೆ.

ಕತ್ತಲಾಗುತ್ತಿದ್ದಂತೆ ಮಿದುಳಿನಲ್ಲಿರುವ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ರಕ್ತಕ್ಕೆ ಬಿಡತೊಡಗುತ್ತದೆ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್ ಮತ್ತು ಸಂಗಡಿಗರು ಇದನ್ನು ಬೇರ್ಪಡಿಸಿದರು. ಇದು ಮಾತ್ರೆಯಂತೆ ಮನುಷ್ಯನನ್ನು ಕೆಡವಿ ಮಲಗಿಸುವ ವಸ್ತುವಲ್ಲ. ‘ರಾತ್ರಿಯಾಯಿತು’ ಎಂದು ದೇಹದ ಕೇರಿಕೇರಿಗೂ ಡಂಗುರ ಸಾರುವ ತಳವಾರ. 1980ರಲ್ಲಿ ಆಲ್ಫ್ರೆಡ್ ಲೂಯಿ ಮತ್ತು ಅವರ ಸಹೋದ್ಯೋಗಿಗಳು 2,500 ಲಕ್ಸಿನಷ್ಟು ಪ್ರಖರವಾದ ಬೆಳಕು ಮನುಷ್ಯರಲ್ಲಿ ಈ ರಸವನ್ನು ತಡೆಯುತ್ತದೆಂದು ತೋರಿಸಿದರು. ಒಂದು ಲಕ್ಸ್ ಎಂದರೆ ಒಂದು ಮೀಟರ್ ದೂರದಲ್ಲಿಟ್ಟ ಒಂದು ಮೇಣದಬತ್ತಿ ಬೀರುವಷ್ಟು ಬೆಳಕು. ಅದೇ ಪ್ರಯೋಗದಲ್ಲಿ 500 ಲಕ್ಸಿನ ಬೆಳಕಿಗೆ ಅಂತಹ ಪರಿಣಾಮ ಕಾಣಲಿಲ್ಲ. ಮನೆಯ ದೀಪ ಅದಕ್ಕಿಂತಲೂ ಎಷ್ಟೋ ಮಂದವಾದುದರಿಂದ, ಅದರಿಂದ ಏನೂ ಆಗದೆಂಬ ಸಮಾಧಾನ ಬಹುಕಾಲ ಉಳಿಯಿತು.

ಆ ಸಮಾಧಾನ ನಿಲ್ಲಲಿಲ್ಲ. 2002ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಡೇವಿಡ್ ಬರ್ಸನ್ ಮತ್ತು ಸಂಗಡಿಗರು ಕಣ್ಣಿನ ಅಕ್ಷಿಪಟಲದಲ್ಲಿ ಹೊಸ ಬಗೆಯ ಬೆಳಕುಗ್ರಾಹಿ ಕೋಶಗಳನ್ನು ಗುರುತಿಸಿದರು. ನೋಡುವುದಕ್ಕೆಂದು ಇರುವ ಕೋಶಗಳು ಬೇರೆ. ಇವುಗಳ ಮುಖ್ಯ ಕೆಲಸ ಹೊತ್ತು ಎಷ್ಟಾಯಿತೆಂದು ಮಿದುಳಿಗೆ ತಿಳಿಸುವುದು. ಇವು ಎಲ್ಲ ಬಣ್ಣಗಳಿಗೂ ಒಂದೇ ರೀತಿ ಸ್ಪಂದಿಸುವುದಿಲ್ಲ; 480 ನ್ಯಾನೋಮೀಟರಿನ ಆಸುಪಾಸಿನ ನೀಲಿ ಬೆಳಕಿಗೆ ಅತಿ ಹೆಚ್ಚು ಎಚ್ಚರಗೊಳ್ಳುತ್ತವೆ. ನಡುಹಗಲಿನ ಆಕಾಶದಲ್ಲಿ ಧಾರಾಳವಾಗಿರುವ ಬಣ್ಣ ಅದೇ. ದೀಪದ ಕುಡಿಯಲ್ಲಿ ಅತಿ ಕಡಿಮೆ ಇರುವುದೂ ಅದೇ. ಇನ್ನು 2011ರಲ್ಲಿ ಪ್ರಕಟವಾದ, 116 ಜನರನ್ನು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ, 200 ಲಕ್ಸಿಗೂ ಕಡಿಮೆಯಾದ ಸಾಮಾನ್ಯ ಕೋಣೆಯ ಬೆಳಕಿನಲ್ಲಿ ಮಲಗುವ ಮುಂಚಿನ ಹೊತ್ತನ್ನು ಕಳೆದವರಿಗೆ, ಮೂರು ಲಕ್ಸಿಗೂ ಕಡಿಮೆಯ ಮಬ್ಬಿನಲ್ಲಿ ಕಳೆದಾಗಿನದಕ್ಕಿಂತ ಮೆಲಟೋನಿನ್ ತಡವಾಗಿ ಮೊದಲಾಯಿತು. ಅದು ರಕ್ತದಲ್ಲಿ ಇರುವ ಅವಧಿಯೇ ಸುಮಾರು 90 ನಿಮಿಷ ಕಡಿಮೆಯಾಯಿತು. ಅಂದರೆ ದೇಹದ ರಾತ್ರಿಯಿಂದ ಒಂದೂವರೆ ಗಂಟೆಯನ್ನು ಕತ್ತರಿಸಿಹಾಕಲು ಸೂರ್ಯನೇ ಬೇಕಿಲ್ಲ, ಪಡಸಾಲೆಯ ದೀಪವೇ ಸಾಕು.

ಇದೇ ವರ್ಷಗಳಲ್ಲಿ ಮನೆಯ ದೀಪದ ಸ್ವರೂಪವೂ ಬದಲಾಯಿತು. ನೀಲಿ ಬೆಳಕನ್ನು ಸೂಸುವ ಎಲ್‌ಇಡಿಯನ್ನು ನಿರ್ಮಿಸಿದ್ದಕ್ಕಾಗಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಾಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಇಂದಿನ ಬಿಳಿಯ ಎಲ್‌ಇಡಿಯ ಒಡಲಲ್ಲಿ ಇರುವುದು ಆ ನೀಲಿಯೇ. ಅದರ ಮೇಲೆ ಹಳದಿ ಬೆಳಕು ಕೊಡುವ ಪುಡಿಯ ಲೇಪ ಬಳಿದು ಒಟ್ಟು ಬೆಳಕು ಬಿಳಿಯಾಗಿ ಕಾಣುವಂತೆ ಮಾಡುತ್ತಾರೆ. ಭಾರತ ಸರ್ಕಾರದ ಉಜಾಲಾ ಯೋಜನೆ 2015ರ ಜನವರಿ 5ರಂದು ಆರಂಭವಾಗಿ ಕೋಟಿಗಟ್ಟಲೆ ಎಲ್‌ಇಡಿ ಬಲ್ಬುಗಳನ್ನು ಕಡಿಮೆ ಬೆಲೆಗೆ ಹಂಚಿತು. 60 ವ್ಯಾಟಿನ ಹಳೆಯ ಬಲ್ಬಿನ ಕೆಲಸವನ್ನು 9 ವ್ಯಾಟಿನದು ಮಾಡಿತು. ವಿದ್ಯುತ್ ಬಿಲ್ಲು ಇಳಿಯಿತು. ಇದು ನಿಜವಾದ ಲಾಭ, ಇದನ್ನು ಲಘುವಾಗಿ ಕಾಣಬಾರದು. ಆದರೆ ಬಿಳುಪಿನ ಮೇಲಿನ ಹಳೆಯ ವ್ಯಾಮೋಹಕ್ಕೆ ಅಗ್ಗದ ಬೆಲೆಯೂ ಸೇರಿ, ದೇವರ ಕೋಣೆಯಿಂದ ಬಚ್ಚಲಿನವರೆಗೆ ಮನೆಯೆಲ್ಲ ಒಂದೇ ಬಿಳಿಯ ಬೆಳಕು ವ್ಯಾಪಿಸಿತು. ಎಲ್‌ಇಡಿಯದು ತಪ್ಪಲ್ಲ. ಅದು ಹಳದಿಯಲ್ಲಿಯೂ ಅದೇ ಬೆಲೆಗೆ ಸಿಗುತ್ತದೆ, ಕೇಳುವವರಿಲ್ಲ.

ಅಂಗಡಿಯಲ್ಲಿ ಕೇಳಬೇಕಾದುದು ಏನೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಕೋಠಿಯ ಪಕ್ಕದ ಟ್ರೂಪ್ ಬಜಾರ್ ಈ ನಗರದಲ್ಲಿ ವಿದ್ಯುತ್ ಸಾಮಾನಿನ ಹೆಸರಾಂತ ಪೇಟೆ. ಕಾಚಿಗುಡ, ಬಡಿಚೌಡಿಗಳ ಕನ್ನಡಿಗರಿಗೆ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಹೋಗಿ ‘ಒಳ್ಳೆಯ ಬಲ್ಬು ಕೊಡಿ’ ಎಂದರೆ ಕೈಗೆ ಬರುವುದು ಬಿಳಿಯದೇ. ಡಬ್ಬಿಯ ಮೇಲೆ ವ್ಯಾಟಿನ ಜೊತೆಗೆ ಇನ್ನೆರಡು ಅಂಕಿಗಳಿರುತ್ತವೆ. ಲ್ಯೂಮೆನ್ ಎಂಬುದು ಬೆಳಕಿನ ಪ್ರಮಾಣ. ಕೆಲ್ವಿನ್ ಎಂಬುದು ಬೆಳಕಿನ ಬಣ್ಣ. ಈ ಕೆಲ್ವಿನ್ ಲೆಕ್ಕ ಮೊದಲಿಗೆ ತಿರುಗುಮುರುಗಾಗಿ ತೋರುತ್ತದೆ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕಾಯುವಾಗ ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಇನ್ನೂ ಕಾದರೆ ಬೆಳ್ಳಗಾಗುತ್ತದಷ್ಟೆ. ಅದೇ ನ್ಯಾಯದಲ್ಲಿ ಅಂಕಿ ಹೆಚ್ಚಾದಷ್ಟೂ ಬಿಳುಪು ಮತ್ತು ನೀಲಿ ಹೆಚ್ಚು. ಎಣ್ಣೆಯ ದೀಪ ಹೆಚ್ಚುಕಡಿಮೆ 1,900 ಕೆಲ್ವಿನ್, ಹಳೆಯ ಗಾಜಿನ ಬಲ್ಬು 2,700. ಡಬ್ಬಿಯ ಮೇಲೆ ‘ವಾರ್ಮ್ ವೈಟ್’ ಎಂದಿದ್ದರೆ 2,700 ಅಥವಾ 3,000. ‘ನ್ಯಾಚುರಲ್ ವೈಟ್’ 4,000. ‘ಕೂಲ್ ಡೇಲೈಟ್’ 6,500. ಹೆಸರಿನಲ್ಲಿ ಹಗಲು ಎಂದೇ ಬರೆದಿರುವ ದೀಪವನ್ನು ರಾತ್ರಿ ಹತ್ತಕ್ಕೆ ಉರಿಸಿ ನಿದ್ರೆಯನ್ನು ಕಾಯುವುದು ವಿನೋದವೇ ಸರಿ. ಸಂಜೆಯ ವಿಶ್ರಾಂತಿಗೆ ಬೇಕಾದುದು 2,700, ಸಿಗದಿದ್ದರೆ 3,000. ಬಿಐಎಸ್ ನೋಂದಣಿಯ ಗುರುತು ಇದೆಯೇ ಎಂದು ಸಹ ನೋಡಿಕೊಳ್ಳಬೇಕು.

ಬಣ್ಣ ಬದಲಿಸಿದರೆ ಎಲ್ಲವೂ ಮುಗಿಯಿತೆಂದು ತಿಳಿಯುವವರಿದ್ದಾರೆ. 2022ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಪ್ರಕಟಿಸಿದ ಶಿಫಾರಸಿನಲ್ಲಿ, ನೀಲಿಗೆ ಸ್ಪಂದಿಸುವ ಆ ಕೋಶಗಳ ದೃಷ್ಟಿಯಿಂದ ತೂಗಿದ ಲೆಕ್ಕದಂತೆ, ಹಗಲಿನಲ್ಲಿ ಕಣ್ಣಿಗೆ ಕನಿಷ್ಠ 250 ಲಕ್ಸ್ ಬೀಳಬೇಕು, ಮಲಗುವ ಮುಂಚಿನ ಮೂರು ಗಂಟೆ 10 ಲಕ್ಸನ್ನು ಮೀರಬಾರದು, ಮಲಗುವ ಕೋಣೆಯಲ್ಲಿ 1 ಲಕ್ಸ್ ದಾಟಬಾರದು ಎಂದಿದೆ. ಒಂದೇ ಪ್ರಖರತೆಯ ಬಿಳಿ ದೀಪ ಮತ್ತು ಹಳದಿ ದೀಪಗಳನ್ನು ಹೋಲಿಸಿದರೆ, ಹಳದಿಯ ಪರಿಣಾಮ ಸುಮಾರು ಅರ್ಧದಷ್ಟು, ಸೊನ್ನೆಯಲ್ಲ. ಹತ್ತು ಹನ್ನೆರಡು ಅಡಿಯ ಪಡಸಾಲೆಯಲ್ಲಿ 20 ವ್ಯಾಟಿನ ಒಂದು ಎಲ್‌ಇಡಿ ಟ್ಯೂಬು ಮೇಜಿನ ಮೇಲೆ ನೂರು ಲಕ್ಸಿನ ಆಸುಪಾಸು ಬೆಳಕು ಚೆಲ್ಲುತ್ತದೆ. ಅದೇ ಜಾಗದಲ್ಲಿ ಹಳದಿಯ ಟ್ಯೂಬು ಹಾಕಿದರೆ ಅರ್ಧ ಕೆಲಸವಷ್ಟೇ ಆಯಿತು. ಪ್ರಮಾಣವೂ ಇಳಿಯಬೇಕು, ಎತ್ತರವೂ ಇಳಿಯಬೇಕು. ಮೇಲಿನಿಂದ ಬರುವ ಬೆಳಕು ಅಕ್ಷಿಪಟಲದ ಕೆಳಭಾಗಕ್ಕೆ ಬೀಳುತ್ತದೆ. ಹೊತ್ತು ಅರಿಯುವ ವಿಷಯದಲ್ಲಿ ಆ ಭಾಗವೇ ಹೆಚ್ಚು ಚುರುಕೆಂದು ಪ್ರಯೋಗಗಳು ಸೂಚಿಸಿವೆ. ಆಕಾಶ ಮೇಲಿರುವುದರಿಂದ ಇದು ಸಹಜವೇ. ಗೋಡೆಯ ಮಾಡದಲ್ಲಿ ದೀಪವಿಟ್ಟವರಿಗೆ ಈ ಶಾಸ್ತ್ರ ತಿಳಿದಿರಲಿಲ್ಲ, ಆದರೆ ದೀಪ ಸರಿಯಾದ ಸ್ಥಳದಲ್ಲಿತ್ತು.

ಮೂಲೆಯಲ್ಲಿ, ಕುಳಿತವರ ಕಣ್ಣಿನ ಮಟ್ಟಕ್ಕಿಂತ ಕೆಳಗೆ, 5 ವ್ಯಾಟಿನ ಹಳದಿ ಬಲ್ಬಿಗೆ ಬಟ್ಟೆಯ ಅಥವಾ ಕಾಗದದ ಮುಸುಕು ಹಾಕಿದ ಒಂದು ಮೇಜುದೀಪ, ಬೆಳಕು ನೇರವಾಗಿ ಮುಖಕ್ಕೆ ಬೀಳದೆ ಗೋಡೆಗೆ ತಾಗಿ ಬರುವಂತೆ ಇಟ್ಟರೆ, ಮಾತನಾಡಲು, ಹಾಡು ಕೇಳಲು, ಎಲೆಯಡಿಕೆ ಹಾಕಿಕೊಂಡು ಕೂರಲು ಧಾರಾಳವಾಗಿ ಸಾಕು. ಟೆಲಿವಿಷನ್ನು ನೋಡುವವರು ಅದನ್ನು ಪೆಟ್ಟಿಗೆಯ ಹಿಂಬದಿಗೆ ಇಟ್ಟುಕೊಂಡರೆ ಕಣ್ಣಿಗೆ ಹಿತ. ಇದಕ್ಕೆ ಸಾವಿರಾರು ರೂಪಾಯಿ ಬೇಡ. ಊರಿನಿಂದ ತಂದ ಹಳೆಯ ತಾಮ್ರದ ಕೊಡವನ್ನೇ ಕಾಲಾಗಿ ಮಾಡಿಕೊಂಡವರಿದ್ದಾರೆ. ಹೊಸ ಫ್ಲ್ಯಾಟುಗಳಲ್ಲಿ ಛಾವಣಿಯ ಕೆಳಗೆ ಮತ್ತೊಂದು ಪಿಒಪಿ ಛಾವಣಿ ಕಟ್ಟಿ, ಅದರಲ್ಲಿ ಹದಿನಾರು ಇಪ್ಪತ್ತು ಗುಂಡು ದೀಪಗಳನ್ನು ಹುಗಿದು, ಅದನ್ನೇ ಅಲಂಕಾರವೆನ್ನುವ ರೂಢಿ ಬೆಳೆದಿದೆ. ಚೌಮಹಲ್ಲಾ ಅರಮನೆಯ ದರ್ಬಾರು ಮಂಟಪದಲ್ಲಿ ಬೆಲ್ಜಿಯಂ ಗಾಜಿನ 19 ಝೂಮರುಗಳು ತೂಗುತ್ತವೆ. ನೋಡಲು ಕಣ್ಣು ಸಾಲದು. ಆದರೆ ಅದು ದರ್ಬಾರು. ನವಾಬರೂ ಅದರಡಿಯಲ್ಲಿ ಮಲಗುತ್ತಿರಲಿಲ್ಲ.

ಇಷ್ಟರವರೆಗೆ ಹೇಳಿದುದು ಒಬ್ಬನೇ ವಾಸಿಸುವ ಮನೆಗೆ ಸುಲಭವಾಗಿ ಅನ್ವಯಿಸುತ್ತದೆ. ನಗರದ ಕನ್ನಡ ಕುಟುಂಬ ಹಾಗಿರುವುದು ಅಪರೂಪ. ಎರಡು ಮಲಗುವ ಕೋಣೆಗಳ ಮನೆಯಲ್ಲಿ ಮೂರು ತಲೆಮಾರು. ಪ್ರವೇಶ ಪರೀಕ್ಷೆಗೆ ಓದುವ ಮೊಮ್ಮಗ, ರಾಯಚೂರಿನಿಂದಲೋ ಬೀದರದಿಂದಲೋ ಬಂದು ನೆಲೆಸಿದ ಅಜ್ಜಿ, ಅಮೆರಿಕದ ಗಡಿಯಾರಕ್ಕೆ ಕೆಲಸ ಮಾಡುವ ಮಗ, ಒಲೆಯ ಮುಂದಿನ ಸೊಸೆ. ಇವರೆಲ್ಲರಿಗೂ ಒಂದೇ ಪಡಸಾಲೆ, ಒಂದೇ ದೀಪ. ದೀಪದ ಪ್ರಶ್ನೆ ನಿಜವಾಗಿ ಕಗ್ಗಂಟಾಗುವುದು ಇಲ್ಲಿ. ಒಬ್ಬರ ವಿಶ್ರಾಂತಿ ಇನ್ನೊಬ್ಬರ ಅಡಚಣೆ.

ಹುಡುಗನ ವಿಷಯವನ್ನು ಮೊದಲು ನೋಡಬೇಕು, ಏಕೆಂದರೆ ಮಂದ ದೀಪದ ವಿರುದ್ಧ ಎಲ್ಲರೂ ಎತ್ತುವ ಆಕ್ಷೇಪ ಅವನ ಕಣ್ಣಿನದು. ಮಬ್ಬಿನಲ್ಲಿ ಓದಿದರೆ ಕಣ್ಣು ದಣಿಯುತ್ತದೆ, ತಲೆ ನೋಯುತ್ತದೆ, ಅದು ನಿಜ. ಅದರಿಂದ ದೃಷ್ಟಿ ಶಾಶ್ವತವಾಗಿ ಕೆಡುತ್ತದೆಂಬುದಕ್ಕೆ ಆಧಾರವಿಲ್ಲ. ಹೆಚ್ಚುತ್ತಿರುವ ಸಮೀಪದೃಷ್ಟಿ ದೋಷಕ್ಕೆ ರಾತ್ರಿಯ ಬೆಳಕಿನ ಕೊರತೆಗಿಂತ ಹಗಲಿನ ಬೆಳಕಿನ ಕೊರತೆಯೇ ಹೆಚ್ಚು ಕಾರಣವೆಂದು ಕಾಣುತ್ತದೆ. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆಯುವಂತೆ ಮಾಡಿದ ಪ್ರಯೋಗದ ಫಲ 2015ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ ಹೊಸದಾಗಿ ದೋಷ ಬಂದವರು ಉಳಿದ ಶಾಲೆಗಳಲ್ಲಿ ನೂರಕ್ಕೆ ಸುಮಾರು 40 ಆದರೆ, ಈ ಶಾಲೆಗಳಲ್ಲಿ ಸುಮಾರು 30. ಹುಡುಗನಿಗೆ ಬೇಕಾದುದು ಕೋಣೆಯನ್ನೆಲ್ಲ ಬೆಳಗುವ ಟ್ಯೂಬಲ್ಲ, ಪುಸ್ತಕದ ಮೇಲೆ ಬೀಳುವ ಸ್ವಂತದೊಂದು ಓದುವ ದೀಪ. ಅದು ಪ್ರಖರವಾಗಿರಲಿ, ಆದರೆ ಬೆಳಕು ಹಾಳೆಗೆ ಬೀಳಲಿ, ಕಣ್ಣಿಗಲ್ಲ. ಎಂಟೂವರೆಯ ಮೇಲೆ ಹಳದಿಯದಿರಲಿ. ಚಿಕ್ಕ ಮಕ್ಕಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಮಕ್ಕಳ ಕಣ್ಣಿನ ಮಸೂರ ತಿಳಿಯಾಗಿರುತ್ತದೆ, ಪಾಪೆ ದೊಡ್ಡದು. 2014ರ ಜಪಾನಿನ ಅಧ್ಯಯನವೊಂದರಲ್ಲಿ ಒಂದೇ ಬೆಳಕಿನಲ್ಲಿ ಮಕ್ಕಳ ಮೆಲಟೋನಿನ್ ದೊಡ್ಡವರದಕ್ಕಿಂತ ಸುಮಾರು ಎರಡು ಪಟ್ಟು ಕುಗ್ಗಿತ್ತು. ಬಿಳಿಯ ದೀಪದಡಿ ಕುಣಿಯುತ್ತಿರುವ ಕೂಸನ್ನು ‘ಹಟಮಾರಿ, ಮಲಗುವುದೇ ಇಲ್ಲ’ ಎಂದು ಬೈಯುವ ಮುನ್ನ ಇದನ್ನು ನೆನೆಯುವುದು ಉಚಿತ.

ಅಜ್ಜಿಯದು ಇದಕ್ಕೆ ವಿರುದ್ಧವಾದ ಸ್ಥಿತಿ. ಅರುವತ್ತರ ವಯಸ್ಸಿನಲ್ಲಿ ಅಕ್ಷಿಪಟಲವನ್ನು ಮುಟ್ಟುವ ಬೆಳಕು ಇಪ್ಪತ್ತರ ವಯಸ್ಸಿನದರ ಮೂರನೆಯ ಒಂದು ಭಾಗದಷ್ಟು ಮಾತ್ರ. ಮಸೂರ ಹಳದಿಗಟ್ಟಿರುತ್ತದೆ, ಪಾಪೆ ಕಿರಿದಾಗಿರುತ್ತದೆ. ಮಗ ಸೊಸೆಯರು ವಿಶ್ರಾಂತಿಗೆಂದು ಬೆಳಕು ತಗ್ಗಿಸಿದರೆ ಅವರಿಗೆ ಅದು ಕತ್ತಲೆಯೇ. ಪುರಾಣ ಓದಲಾಗದು, ಮಾತ್ರೆಯ ಹೆಸರು ಕಾಣದು, ನೆಲದ ಮೇಲಿನ ಆಟಿಕೆ ಕಾಣದೆ ಎಡವಿ ಸೊಂಟ ಮುರಿದರೆ ಆ ಒಂದು ಸಂಜೆಯ ಅಂದಕ್ಕೆ ತೆರುವ ಬೆಲೆ ಅಪಾರ. ಹಿರಿಯರಿರುವ ಮನೆಯಲ್ಲಿ ಪಡಸಾಲೆಯ ದೀಪ ತಗ್ಗಿಸುವುದಕ್ಕೆ ಮೊದಲು ಅವರ ಕುರ್ಚಿಯ ಪಕ್ಕಕ್ಕೆ ಸ್ವತಂತ್ರವಾದ ಒಂದು ದೀಪ ಬರಬೇಕು, ಅದರ ಗುಂಡಿ ಅವರ ಕೈಗೇ ಸಿಗಬೇಕು. ಓಡಾಡುವ ದಾರಿಯಲ್ಲಿ ಬೆಳಕಿರಬೇಕು. ಇದನ್ನು ಮಾಡಲಾಗದಿದ್ದರೆ ಬಿಳಿಯ ಟ್ಯೂಬೇ ಉರಿಯಲಿ. ಬಿದ್ದ ಮುದುಕಿಗಿಂತ ನಿದ್ರೆಗೆಟ್ಟ ಯುವಕನೇ ವಾಸಿ.

ಅಡುಗೆಮನೆಯ ಮಾತು ಯಾವ ದೀಪದ ಜಾಹೀರಾತಿನಲ್ಲಿಯೂ ಬರುವುದಿಲ್ಲ. ಜಾಹೀರಾತಿನ ಸಂಜೆಯಲ್ಲಿ ಗಂಡಸು ಸೋಫಾದ ಮೇಲೆ ಒರಗಿರುತ್ತಾನೆ. ಹೊನ್ನಿನ ಬಣ್ಣದ ಬೆಳಕು ಹರಡಿರುತ್ತದೆ. ನಿಜವಾದ ಮನೆಯಲ್ಲಿ ಆ ಹೊತ್ತಿಗೆ ಹೆಂಗಸು ಅತಿ ಪ್ರಖರವಾದ ಬಿಳಿಯ ದೀಪದಡಿ ನಿಂತು ಪಾತ್ರೆ ತೊಳೆದು, ಹಾಲು ಕಾಯಿಸಿ, ನಾಳಿನ ಡಬ್ಬಿಗೆ ತರಕಾರಿ ಹೆಚ್ಚಿಡುತ್ತಿರುತ್ತಾಳೆ. ಎಲ್ಲರಿಗಿಂತ ಕಡೆಗೆ ಬೆಳಕಿನಿಂದ ಹೊರಬರುವವಳೂ, ಎಲ್ಲರಿಗಿಂತ ಮೊದಲು ಏಳುವವಳೂ ಅವಳೇ. ಕತ್ತಿ, ಬೆಂಕಿ, ಬಿಸಿ ಎಣ್ಣೆ ಇರುವಲ್ಲಿ ದೀಪ ಮಂದ ಮಾಡುವಂತಿಲ್ಲ; ಅಲ್ಲಿ ಧಾರಾಳ ಬೆಳಕು ಇರಲೇಬೇಕು. ಆದುದರಿಂದ ಇಲ್ಲಿ ಬದಲಾಗಬೇಕಾದುದು ಬಲ್ಬು ಅಲ್ಲ, ಗಂಟೆ. ಒಂಬತ್ತಕ್ಕೆ ಅಡುಗೆಮನೆಯ ದೀಪ ಆರಬೇಕಾದರೆ ಕೆಲಸಕ್ಕೆ ಇನ್ನೆರಡು ಕೈಗಳು ಸೇರಬೇಕು. ಪಡಸಾಲೆಗೆ ಸೊಗಸಾದ ದೀಪ ತಂದಿಟ್ಟು, ಮನೆಯೊಡತಿಯನ್ನು ಹತ್ತೂವರೆಯವರೆಗೆ ನಡುಹಗಲಿನಲ್ಲಿ ನಿಲ್ಲಿಸುವ ಯಜಮಾನನು ಸಂಜೆಯನ್ನು ತನಗೊಬ್ಬನಿಗೇ ಕೊಂಡುಕೊಂಡಂತಾಯಿತು.

ಮಾಧಾಪುರ, ಗಚ್ಚಿಬೌಲಿಗಳ ಕಂಪನಿಗಳಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಮೇಲಿನ ಗಂಟೆಗಳು ಹೊಂದುವುದಿಲ್ಲ. ಅವರ ಸಂಜೆ ಕೆಲಸ ಮುಗಿದ ಮೇಲೆ ಆರಂಭ. ಕೆಲಸದ ಹೊತ್ತಿನಲ್ಲಿ ಒಳ್ಳೆಯ ಬೆಳಕು, ಮುಗಿದ ಬಳಿಕ ಮಂದ ಬೆಳಕು, ಮಲಗುವ ಕೋಣೆಗೆ ದಪ್ಪ ಪರದೆ, ಇಷ್ಟು ಸಾಕು.

‘ನನಗೆ ಟ್ಯೂಬ್‌ಲೈಟಿನಡಿ ಕೂತಲ್ಲೇ ಗೊರಕೆ ಬರುತ್ತದೆ, ಇದೆಲ್ಲ ಸುಳ್ಳು’ ಎನ್ನುವವರು ಪ್ರತಿ ಮನೆಯಲ್ಲಿಯೂ ಒಬ್ಬರಿರುತ್ತಾರೆ. ಅವರ ಮಾತು ಅವರ ಮಟ್ಟಿಗೆ ನಿಜವಿರಬಹುದು. 2019ರಲ್ಲಿ 55 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುವವರಿಗೂ ಅತಿ ಕಡಿಮೆ ಸ್ಪಂದಿಸುವವರಿಗೂ ಐವತ್ತು ಪಟ್ಟಿಗೂ ಮೀರಿದ ವ್ಯತ್ಯಾಸ ಕಂಡುಬಂದಿತು. ಗೊರಕೆ ಹೊಡೆಯುವವರ ಪಕ್ಕದಲ್ಲಿ ಕಣ್ಣು ಬಿಟ್ಟು ಮಲಗಿದವರ ಕಥೆ ಬೇರೆಯೇ ಆಗಿರುತ್ತದೆ. ಫೋನಿನ ಮೇಲೆ ಹೊರಿಸುವ ಅಪವಾದವನ್ನೂ ಸ್ವಲ್ಪ ತೂಗಿ ನೋಡಬೇಕು. 2014ರ ಪ್ರಯೋಗವೊಂದರಲ್ಲಿ ಮಲಗುವ ಮುನ್ನ ನಾಲ್ಕು ಗಂಟೆ ಬೆಳಗುವ ಪರದೆಯ ಮೇಲೆ ಪುಸ್ತಕ ಓದಿದವರು, ಕಾಗದದ ಪುಸ್ತಕ ಓದಿದಾಗಿಗಿಂತ ನಿದ್ರೆಹೋಗಲು ತಡಮಾಡಿದ್ದು ಸುಮಾರು ಹತ್ತು ನಿಮಿಷ. ಕೆಡುಕು ಇಲ್ಲವೆಂದಲ್ಲ. ಆದರೆ ಅಂಗೈಯಗಲದ ಪರದೆಯನ್ನು ದೂರುತ್ತ ತಲೆಯ ಮೇಲಿನ ನಾಲ್ಕು ಅಡಿಯ ದೀಪವನ್ನು ಕ್ಷಮಿಸುವುದು ನ್ಯಾಯವಲ್ಲ.

ಅಗ್ಗದ ದೀಪಗಳಲ್ಲಿ ಇನ್ನೊಂದು ತೊಂದರೆಯುಂಟು, ಅದು ಮಿನುಗು. ಇಲ್ಲಿನ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದಾದ್ದರಿಂದ ಕಳಪೆ ದೀಪ ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತದೆ. ಕಣ್ಣು ಅದನ್ನು ಕಾಣದು, ಮಿದುಳು ಸಹಿಸಬೇಕು. ಹಳೆಯ ಚೋಕಿನ ಟ್ಯೂಬುಗಳಲ್ಲಿಯೂ ಇದೇ ದೋಷವಿತ್ತು. 1989ರಲ್ಲಿ ಇಂಗ್ಲೆಂಡಿನ ಕಚೇರಿಯೊಂದರಲ್ಲಿ ಅವುಗಳನ್ನು ಮಿನುಗದ ಬಗೆಯವಕ್ಕೆ ಬದಲಿಸಿ ನೋಡಿದಾಗ ನೌಕರರ ತಲೆನೋವು, ಕಣ್ಣುನೋವುಗಳು ಅರ್ಧಕ್ಕಿಂತ ಕಡಿಮೆಯಾದವು. ಅಂಗಡಿಯಲ್ಲಿ ಬಲ್ಬು ಉರಿಸಿ ಫೋನಿನ ಕ್ಯಾಮರಾ ಹಿಡಿದಾಗ ಪಟ್ಟೆಪಟ್ಟೆಯಾಗಿ ಕಂಡರೆ ಅದನ್ನು ಅಲ್ಲಿಯೇ ಬಿಟ್ಟು ಬರಬಹುದು. ಬೆಳಕನ್ನು ಏರಿಳಿಸುವ ರೆಗ್ಯುಲೇಟರು ಹಾಕಿಸುವವರು, ಅದಕ್ಕೆ ಹೊಂದುವ ಬಲ್ಬನ್ನೇ ಕೇಳಿ ತರಬೇಕು. ಎಲ್ಲ ಎಲ್‌ಇಡಿಗಳೂ ಅದಕ್ಕೆ ಒಗ್ಗುವುದಿಲ್ಲ. ಗುಂಡಿಯನ್ನು ಆರಿಸಿ ಮತ್ತೆ ಹಾಕಿದರೆ ಬಿಳಿಯಿಂದ ಹಳದಿಗೆ ತಿರುಗುವ ದೀಪಗಳೂ ಈಗ ಬಂದಿವೆ. ಬಾಡಿಗೆ ಮನೆಯವರಿಗೆ ಇದು ಅನುಕೂಲ.

ಮಳೆಗಾಲದ ಮೊದಲ ವಾರಗಳಲ್ಲಿ ಹಳದಿ ದೀಪಕ್ಕೆ ಮತ್ತೊಂದು ಪ್ರಯೋಜನ ಕಾಣುತ್ತದೆ. ರೆಕ್ಕೆಯ ಗೆದ್ದಲುಗಳು ಬಿಳಿಯ ಬೆಳಕಿಗೆ ಮುತ್ತುವಷ್ಟು ಹಳದಿಗೆ ಮುತ್ತುವುದಿಲ್ಲ. ಊಟದ ತಟ್ಟೆ ಸುರಕ್ಷಿತ.

ಆದರೆ ದೀಪ ಬದಲಿಸಿದ ಮಾತ್ರಕ್ಕೆ ಎಲ್ಲ ಬಗೆಯ ನಿದ್ರಾಹೀನತೆಯೂ ಹೋಗುತ್ತದೆಂದು ನಂಬಬಾರದು. ಮೂರು ತಿಂಗಳಿಗೂ ಮೀರಿ ನಿದ್ರೆ ಕೆಟ್ಟಿದ್ದರೆ, ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ, ಮನಸ್ಸು ಕುಗ್ಗಿದ್ದರೆ ವೈದ್ಯರನ್ನು ಕಾಣಬೇಕು. ಬಲ್ಬಿನ ಅಂಗಡಿಯವನು ಅದಕ್ಕೆ ಉತ್ತರ ಕೊಡಲಾರ. ಬೆಳಗಿನ ಬಿಸಿಲಿಗೆ ಅರ್ಧ ಗಂಟೆ ಮೈಯೊಡ್ಡದವರಿಗೆ ರಾತ್ರಿಯ ಮಂದ ದೀಪವೂ ಅರ್ಧ ಫಲವನ್ನೇ ಕೊಡುತ್ತದೆ. ಹಗಲೆಲ್ಲ ಒಳ್ಳೆಯ ಬೆಳಕಿನಲ್ಲಿದ್ದ ದೇಹ ರಾತ್ರಿಯ ಬೆಳಕಿಗೆ ಅಷ್ಟಾಗಿ ಹೆದರುವುದಿಲ್ಲ.

ಕೊನೆಯದಾಗಿ ಮಲಗುವ ಕೋಣೆಯ ರಾತ್ರಿದೀಪ. ‘ಜೀರೋ ಬಲ್ಬು’ ಎಂದು ಹೆಸರಾಗಿದ್ದ ಹಳೆಯ ಸಣ್ಣ ಬಲ್ಬು ನಿಜವಾಗಿ ಹದಿನೈದು ವ್ಯಾಟಿನ ಆಸುಪಾಸು ವಿದ್ಯುತ್ತು ತಿನ್ನುತ್ತಿತ್ತು. ಹಳೆಯ ಮೀಟರುಗಳು ಅಷ್ಟನ್ನು ಗುರುತಿಸುತ್ತಿರಲಿಲ್ಲವೆಂದು ಆ ಹೆಸರು. ಈಗಿನ ಅರ್ಧ ವ್ಯಾಟಿನ ಎಲ್‌ಇಡಿಗಳಿಗೆ ಆ ಹೆಸರು ಹೆಚ್ಚು ಸಲ್ಲುತ್ತದೆ. ಅವು ನೀಲಿ, ಹಸಿರು, ಕೆಂಪು ಬಣ್ಣಗಳಲ್ಲಿ ದೊರೆಯುತ್ತವೆ. ತಂಪಾಗಿ ಕಾಣುತ್ತದೆಂದು ಬಹುಮಂದಿ ನೀಲಿಯನ್ನು ಆರಿಸುತ್ತಾರೆ. ಇಷ್ಟು ಮಂದವಾದ ಬೆಳಕಿನಲ್ಲಿ ಬಣ್ಣದಿಂದ ದೊಡ್ಡ ಅನರ್ಥವೇನೂ ಆಗದು. ಆದರೂ ಆರಿಸುವುದೇ ಆದರೆ ಕೆಂಪು ಅಥವಾ ಕಿತ್ತಳೆ ಬಣ್ಣ ಮೇಲು. ಅದನ್ನು ಹಾಸಿಗೆಗೆ ಎದುರಾಗಿ ಗೋಡೆಯ ಮೇಲೆ ಹಾಕುವುದಕ್ಕಿಂತ, ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ನೆಲದಿಂದ ಒಂದು ಅಡಿ ಎತ್ತರದಲ್ಲಿರುವ ಪ್ಲಗ್ಗಿಗೆ ಹಾಕಿದರೆ ಹೊಸ್ತಿಲು ಮತ್ತು ಚಪ್ಪಲಿ ಕಾಣುತ್ತವೆ, ಕಣ್ಣು ಕುಕ್ಕುವುದಿಲ್ಲ. ಬಚ್ಚಲಿನ ಒಳಗೂ ಅಂತಹದೇ ಮತ್ತೊಂದನ್ನು ಹಾಕಿಸಬೇಕು. ಇಲ್ಲವಾದರೆ ರಾತ್ರಿ ಎರಡು ಗಂಟೆಗೆ ಎದ್ದ ಹಿರಿಯರು ಅಲ್ಲಿನ ಬಿಳಿಯ ದೀಪದ ಗುಂಡಿಯನ್ನೇ ಒತ್ತಬೇಕಾಗುತ್ತದೆ. ಮತ್ತೆ ಹಾಸಿಗೆಗೆ ಬರುವ ವೇಳೆಗೆ ಅವರಿಗೆ ಪೂರ್ಣ ಎಚ್ಚರವಾಗಿರುತ್ತದೆ.